ಜೊತೆಗೆ ಬಂದವರು ಹೇಳಿದ್ದು

ಶಂಕರಪುರ
10 ಸೆಪ್ಟೆಂಬರ್ 2024

ಪ್ರೀತಿಯ ನವ್ಯಶ್ರೀಗೆ,

ನಾನು ಆನಿ, ಶಂಕರಪುರದ ಮಲ್ಲಿಗೆ ತೋಟದವಳು, ನೀವೆಲ್ಲ ಬಾಯಮ್ಮ ಎನ್ನುವವಳು. ನಿನ್ನ ಅಪ್ಪ ಚೆನ್ನಪ್ಪ ಹದಿಮೂರು ವರ್ಷ ಹೂವಿನ ಗಿಡಕ್ಕೆ ಹುಳದ ಮದ್ದು ಬಿಡಲು ಬರುತ್ತಿದ್ದ ಮನೆ. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಪರ್ಕಳದ ರೂಮಿನ ವಿಳಾಸವನ್ನು ನಿನ್ನ ಅಮ್ಮನ ಹತ್ತಿರ ಕೇಳಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಮ್ಮದು ಕೊಂಕಣಿ, ಕೆಲಸದವರ ಹತ್ತಿರ ತುಳು. ಕನ್ನಡದಲ್ಲಿ ಕಾಗದ ಬರೆಯದೆ ಇಪ್ಪತ್ತು ವರ್ಷವಾದರೂ ಆಗಿರಬಹುದು. ತಪ್ಪಿದ್ದಲ್ಲಿ ತಿದ್ದಿ ಓದಿಕೋ.

ಮೊನ್ನೆ ಆದಿತ್ಯವಾರ ನಮಗೆ ತೆನೆ ಹಬ್ಬ. ಮರುದಿನ ಕಾಪುವಿಗೆ ಮೀನಿಗೆ ಹೋದೆ. ನಿನ್ನ ಅಮ್ಮ ನಳಿನಾಕ್ಷಿ ಮಾರ್ಕೆಟಿನಲ್ಲಿ ಸಿಕ್ಕಿದಳು. ಒಂಬತ್ತೂವರೆಗೇ ಬುಟ್ಟಿ ಎತ್ತುತ್ತಿದ್ದಳು. ಅರ್ಧ ಬುಟ್ಟಿ ಬಂಗುಡೆ ಹಾಗೇ ಉಂಟು. "ಇಷ್ಟು ಬೇಗ ಎಂತ?" ಎಂದೆ. "ಅವರೊಬ್ಬರೇ ಇದ್ದಾರೆ ಬಾಯಮ್ಮ. ಆಚೆಮನೆಯವಳಿಗೆ ಹತ್ತು ಗಂಟೆಯವರೆಗೆ ನೋಡಲು ಹೇಳಿದ್ದೇನೆ" ಎಂದಳು. ಮನೆಯಲ್ಲಿ ಫಿನಾಯಿಲ್ ಬಾಟ್ಲಿ ಕೂಡ ಇಡುವುದಿಲ್ಲವಂತೆ. ತರಕಾರಿ ಕೊಯ್ಯುವ ಕತ್ತಿಯನ್ನು ಬೀಗದೊಳಗೆ ಇಡುತ್ತಾಳಂತೆ. ಒಮ್ಮೆ ವಿಷ ಕುಡಿದವನು ಇನ್ನೊಮ್ಮೆ ಕುಡಿಯುವುದಿಲ್ಲ ಎಂದು ಹೇಗೆ ನಂಬುವುದು ಎಂದು ಕೇಳಿದಳು.

ಆಮೇಲೆ ನಿನ್ನ ವಿಷಯ ಹೇಳಿದಳು. ನೀನು ತಪ್ಪದೆ ಅಪ್ಪನ ಮಾತ್ರೆ ಕಳಿಸುತ್ತಿ, ಆದರೆ ಮನೆಗೆ ಬರುವುದಿಲ್ಲ. ನಿನ್ನ ಮಾತಿನಿಂದಲೇ ಅಪ್ಪ ಹಾಗೆ ಮಾಡಿಕೊಂಡ ಎಂದು ನೀನು ತಿಳಿದಿದ್ದಿಯಂತೆ.

ಮಗು, ಹಾಗೆ ತಿಳಿಯಬೇಡ. ಕಾರಣ ನೀನಲ್ಲ. ಇಷ್ಟನ್ನು ಹೇಳುವುದಕ್ಕಾಗಿಯೇ ಬರೆದೆ.

ನಿನ್ನ ಒಳಿತನ್ನು ಬಯಸುವ,
ಆನಿ ಬಾಯಮ್ಮ


ಪರ್ಕಳ
22 ಸೆಪ್ಟೆಂಬರ್ 2024

ಆನಿ ಬಾಯಮ್ಮನವರಿಗೆ,

ನಿಮ್ಮ ಕಾಗದ ಸಿಕ್ಕಿತು. ಕಾರಣ ನಾನಲ್ಲ ಎಂದು ಬರೆದಿದ್ದೀರಿ. ಅದು ನಿಮಗೆ ಹೇಗೆ ಗೊತ್ತು?

ಎರಡು ವರ್ಷದ ಹಿಂದೆ ನಾನು ಮಣಿಪಾಲದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಅಪ್ಪ ತಿಂಗಳಿಗೊಮ್ಮೆ ಹುರಿದ ಮೀನು ಕಟ್ಟಿಕೊಂಡು ಬರುತ್ತಿದ್ದರು. ಬರುವ ಮೊದಲು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡೇ ಬರುತ್ತಿದ್ದರು. ಆದರೂ ಮದ್ದಿನ ವಾಸನೆ ಹೋಗುತ್ತಿರಲಿಲ್ಲ. ಒಂದು ಸಲ ನನ್ನ ರೂಮಿನ ಚೈತಾಲಿ ಅವರೆದುರೇ ಮೂಗು ಮುಚ್ಚಿಕೊಂಡಳು. ಆ ವಾರವೇ ನಾನು ಫೋನಿನಲ್ಲಿ ಹೇಳಿದೆ, "ಇನ್ನು ಹಾಸ್ಟೆಲಿಗೆ ಬರಬೇಡಿ ಅಪ್ಪ, ನಿಮ್ಮ ಮೈಯಿಂದ ಮದ್ದಿನ ವಾಸನೆ ಬರುತ್ತದೆ, ನನಗೆ ನಾಚಿಕೆ ಆಗುತ್ತದೆ." ಅವರು "ಆಯಿತು ಮಗ" ಎಂದರು. ಫೋನು ಇಟ್ಟದ್ದೂ ನಾನೇ. ಮರುದಿನ ಮಧ್ಯಾಹ್ನ ಅವರು ನಿಮ್ಮ ಬಾವಿಕಟ್ಟೆಯ ಹತ್ತಿರ ಬಿದ್ದಿದ್ದರು.

ಆಸ್ಪತ್ರೆಯ ಫೈಲನ್ನು ನಾನು ಓದಿದ್ದೇನೆ. "ಕೀಟನಾಶಕ ಸೇವನೆ. ಮಗಳ ಜೊತೆ ಮನಸ್ತಾಪ. ಮಾಹಿತಿ ನೀಡಿದವರು: ಜೊತೆಗೆ ಬಂದವರು." ಮೂರು ಸಾಲು. ನನಗೆ ಅದು ಬಾಯಿಪಾಠ ಬರುತ್ತದೆ.

ಸಮಾಧಾನ ಹೇಳಲಿಕ್ಕೆ ದಯವಿಟ್ಟು ಬರೆಯಬೇಡಿ.

ಇತಿ,
ನವ್ಯಶ್ರೀ


ಶಂಕರಪುರ
20 ಅಕ್ಟೋಬರ್ 2024

ಪ್ರೀತಿಯ ನವ್ಯಶ್ರೀಗೆ,

ಬರೆಯಬೇಡಿ ಎಂದಿದ್ದಿ. ಆದರೂ ಬರೆಯುತ್ತಿದ್ದೇನೆ. ಇದು ಸಮಾಧಾನದ ಕಾಗದವಲ್ಲ.

ನಿನ್ನ ಅಪ್ಪ ಮೊದಲು ಮಲ್ಪೆಯಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದ. ಮಳೆಗಾಲಕ್ಕೆ ಬೋಟು ನಿಂತಾಗ ಮಾತ್ರ ನಮ್ಮ ಕಡೆ ಮದ್ದು ಬಿಡಲು ಬರುತ್ತಿದ್ದ. ಬಲೆಯ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದ ಮೇಲೆ ಪೂರ್ತಿ ಇದೇ ಕೆಲಸ ಹಿಡಿದ. ನೀನಾಗ ಮೂರನೆಯ ಕ್ಲಾಸು. ನಮ್ಮಲ್ಲಿ ನೂರಿಪ್ಪತ್ತು ಬುಡ ಮಲ್ಲಿಗೆ, ಸುತ್ತಮುತ್ತ ಇನ್ನೂ ಏಳೆಂಟು ಮನೆ. ವಾರದಲ್ಲಿ ಐದು ದಿನ ಮದ್ದಿನ ಪಂಪು ಅವನ ಬೆನ್ನಿನ ಮೇಲೆಯೇ ಇರುತ್ತಿತ್ತು. ಯಾರಿಗೂ ಇಲ್ಲ ಎನ್ನುವವನಲ್ಲ.

ಮದ್ದು ಬಿಟ್ಟ ದಿನ ಸಂಜೆ ಅವನಿಗೆ ತಲೆ ಸಿಡಿಯುತ್ತಿತ್ತು. ಕಣ್ಣು ಮಂಜಾಗುತ್ತದೆ, ಬಸ್ಸಿನ ಬೋರ್ಡು ಓದಲು ಆಗುವುದಿಲ್ಲ ಎನ್ನುತ್ತಿದ್ದ. ಕೈ ಸಣ್ಣಗೆ ನಡುಗುತ್ತಿತ್ತು. ನಾನು ಬೊಂಡ ಕೆತ್ತಿಸಿ ಎಳನೀರು ಕೊಡುತ್ತಿದ್ದೆ. ಬೊಂಡ ಕುಡಿದರೆ ಮದ್ದಿನ ಕಾವು ಇಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೆವು. ನಂಬಿದ್ದೆವೋ, ನಂಬುವುದು ಸುಲಭವಾಗಿತ್ತೋ, ಈಗ ಹೇಳಲಾರೆ. ಕೈಗವಸು ತಂದುಕೊಡಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಅವನೂ ಕೇಳಲಿಲ್ಲ.

ಹೂ ಕೊಯ್ಯುವ ಹೆಂಗಸರ ಕೈ ಬಿರಿಯುತ್ತದೆ, ನನ್ನ ಕೈಯೂ ಹಾಗೆಯೇ. ದೇವರಿಗೆ ಹೋಗುವ ಹೂ, ಮದುಮಗಳ ತಲೆಗೆ ಹೋಗುವ ಹೂ. ಅದರ ಮೇಲೆ ಒಂದು ಹುಳ ಕಾಣಬಾರದು ನೋಡು.

ಒಂದು ವಿಷಯ ಕೇಳಬೇಕು. ನೀನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ನಿನಗೆ ಗೊತ್ತಿರಬಹುದು. ಬಾಯಿಯಿಂದ ಕುಡಿಯದೆಯೂ ಮದ್ದು ಮೈಗೆ ಏರುತ್ತದಲ್ವಾ?

ಆ ದಿನದ ಬಗ್ಗೆ ಬರೆಯಬೇಕೆಂದೇ ಕೂತಿದ್ದೆ. ಮಗ ಡೆನ್ವರ್ ಹೂ ಮಾರುವ ಕಟ್ಟೆಯಿಂದ ಬಂದ, ಊಟಕ್ಕೆ ಬಡಿಸಬೇಕು.

ಆನಿ ಬಾಯಮ್ಮ


ಪರ್ಕಳ
3 ನವೆಂಬರ್ 2024

ಆನಿ ಬಾಯಮ್ಮನವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಏರುತ್ತದೆ. ಚರ್ಮದಿಂದ ಏರುತ್ತದೆ, ಉಸಿರಿನಿಂದಲೂ ಏರುತ್ತದೆ. ಬೆವರಿದ ಮೈಯಾದರೆ ಇನ್ನೂ ಬೇಗ. ಮದ್ದು ಮೈಗೆ ಏರಿದವರ ರಕ್ತ ನಮ್ಮ ಲ್ಯಾಬಿಗೆ ಬರುತ್ತದೆ, ನಾನೇ ಪರೀಕ್ಷೆ ಮಾಡುತ್ತೇನೆ. ಎಷ್ಟು ಏರಿದೆ ಎಂದು ಅಂದಾಜು ಸಿಗುತ್ತದೆ. ಕುಡಿದದ್ದೋ ಮೈಗೆ ತಾಗಿದ್ದೋ ಎಂದು ಮಾತ್ರ ರಕ್ತ ಹೇಳುವುದಿಲ್ಲ. ಅದನ್ನು ಜೊತೆಗೆ ಬಂದವರು ಹೇಳಬೇಕು.

ಅಪ್ಪನ ಜೊತೆಗೆ ಬಂದವರು ನೀವು.

ನಿಮ್ಮ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ಹದಿಮೂರು ವರ್ಷದ ತಲೆನೋವನ್ನೆಲ್ಲ ಬರೆದಿದ್ದೀರಿ, ಬೊಂಡದ ಲೆಕ್ಕವೂ ಉಂಟು, ಆ ಒಂದು ದಿನ ಮಾತ್ರ ಇಲ್ಲ. ಅಲ್ಲಿಗೆ ಬರುವಾಗ ನಿಮ್ಮ ಮಗ ಊಟಕ್ಕೆ ಬರುತ್ತಾರೆ.

ನೇರವಾಗಿ ಕೇಳುತ್ತೇನೆ. ಅಪ್ಪ ಕುಡಿದದ್ದನ್ನು ನೀವು ನೋಡಿದ್ದೀರಾ?

ನೋಡಿದ್ದರೆ ನೋಡಿದೆ ಎಂದು ಬರೆಯಿರಿ. ನಾನು ತಡೆದುಕೊಳ್ಳುತ್ತೇನೆ. ಎರಡು ವರ್ಷ ಅದನ್ನೇ ಮಾಡಿದ್ದೇನೆ.

ನವ್ಯಶ್ರೀ


ಶಂಕರಪುರ
9 ಡಿಸೆಂಬರ್ 2024

ನವ್ಯಶ್ರೀ,

ನೋಡಲಿಲ್ಲ. ಅವನು ಕುಡಿಯಲೇ ಇಲ್ಲ.

ಇವತ್ತಿಗೆ ಎರಡು ವರ್ಷ. ನಿನ್ನ ಕಾಗದ ಬಂದ ಮೇಲೆ ಐದು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಆ ದಿನ ಶುಕ್ರವಾರ. ಧನುರ್ಮಾಸ ಬರುವ ಮೊದಲು ಮುಗಿಸಬೇಕಾದ ಮದುವೆಗಳ ಸಾಲು. ಚಳಿಗೆ ಹೂ ಕಮ್ಮಿ, ಇದ್ದ ಮೊಗ್ಗನ್ನೂ ಹುಳ ಕೊರೆಯುತ್ತಿತ್ತು. ನಾನು ಎರಡು ಬಗೆಯ ಮದ್ದು ತರಿಸಿ ಒಟ್ಟಿಗೆ ಕಲಸಿ ಬಿಡಲು ಹೇಳಿದೆ. ಹಾಗೆ ಕಲಸಬಾರದೆಂದು ನನಗೆ ಗೊತ್ತಿತ್ತು. ಚೆನ್ನಪ್ಪ ಬೆಳಿಗ್ಗೆ ಎಂಟಕ್ಕೆ ಬಂದ. ಪಂಪಿನ ಮುಚ್ಚಳದ ವಾಷರ್ ಹೋಗಿತ್ತು. ಹತ್ತು ಗಂಟೆಗೆ ಬಂದು, "ಬಾಯಮ್ಮ, ಬೆನ್ನಿಗೆ ಸೋರುತ್ತಾ ಉಂಟು, ಅಂಗಿ ಪೂರಾ ಚಂಡಿ. ಸರಿ ಮಾಡಿಸಿ ನಾಳೆ ಬಿಡುವುದಾ?" ಎಂದು ಕೇಳಿದ. ನಾನು, "ಇವತ್ತೊಂದು ದಿನ ಹೇಗಾದರೂ ಮುಗಿಸು ಮಾರಾಯ, ನಾಳೆಗೆ ಮೊಗ್ಗು ಉಳಿಯುವುದಿಲ್ಲ" ಎಂದೆ. ಅವನು ಹೆಗಲ ಮೇಲೊಂದು ಗೋಣಿ ಹಾಕಿಕೊಂಡು ಮತ್ತೆ ಹೋದ. ಗೋಣಿಯೂ ಒದ್ದೆಯಾಯಿತು. ಬಿಸಿಲು ಏರಿತ್ತು, ಗಾಳಿಯೂ ಇತ್ತು. ಅವನು ಬೆವರುತ್ತಿದ್ದದ್ದು ಜಗಲಿಯಿಂದ ಕಾಣುತ್ತಿತ್ತು.

ಹನ್ನೆರಡೂವರೆಗೆ ಬಾವಿಕಟ್ಟೆಗೆ ಬಂದು ಕೂತ. ಎರಡು ಸಲ ವಾಂತಿ ಮಾಡಿದ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ತೋಳಿನ ಮಾಂಸ ತನ್ನಷ್ಟಕ್ಕೆ ಹಾರುತ್ತಿತ್ತು. ನಾನು ಹತ್ತಿರ ಹೋದಾಗ ಹೇಳಿದ, "ಎಂತದೋ ಆಗ್ತಾ ಉಂಟು ಬಾಯಮ್ಮ." ಅಷ್ಟೇ. ಆಮೇಲೆ ಮಾತಿಲ್ಲ. ಡೆನ್ವರ್ ಕಾರು ತಂದ. ಉಡುಪಿ ಮುಟ್ಟುವವರೆಗೆ ಅವನ ತಲೆ ನನ್ನ ತೊಡೆಯ ಮೇಲಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಡೆನ್ವರ್ ನನ್ನ ಕಿವಿಯಲ್ಲಿ, "ಮಮ್ಮಿ, ಕೇಸು ನಮ್ಮ ಮೇಲೆ ಬರ್ತದೆ" ಎಂದ. ಡೆನ್ವರ್ ಹೇಳಿದ್ದಕ್ಕೆ ಹೀಗಾಯಿತು ಎಂದು ಬರೆದರೆ ನನಗೆ ಹಗುರ. ಆದರೆ ಅವನು ಅಷ್ಟೇ ಹೇಳಿದ್ದು, ಉಳಿದದ್ದು ನನ್ನ ಬಾಯಿ. ಒಬ್ಬಳು ಚಿಕ್ಕ ಪ್ರಾಯದ ಡಾಕ್ಟರು ಓಡುತ್ತಾ ಬಂದು, "ಕುಡಿದದ್ದಾ? ಮೈಗೆ ತಾಗಿದ್ದಾ?" ಎಂದು ಕೇಳಿದರು. ನಾನು ಹೇಳಿದೆ, "ಮನೆಯಲ್ಲಿ ಬೇಜಾರಿತ್ತು. ಮಗಳು ಎಂತದೋ ಹೇಳಿದ್ದಾಳೆ ಅಂತ ಬೆಳಿಗ್ಗೆಯೇ ಹೇಳ್ತಿದ್ದ."

ಕುಡಿದ ಎಂದು ನಾನು ಹೇಳಲಿಲ್ಲ. ಎರಡು ವರ್ಷ ಅದೊಂದನ್ನೇ ಹಿಡಿದುಕೊಂಡು ಕೂತೆ, ನಾನು ಸುಳ್ಳು ಹೇಳಲಿಲ್ಲ ಎಂದು. ಪಾದ್ರಿಯವರೆದುರು ಪಾಪನಿವೇದನೆಗೆ ಮೊಣಕಾಲೂರಿದಾಗಲೂ ಇದನ್ನು ಹೇಳಲಿಲ್ಲ. ಆಸ್ಪತ್ರೆಯಲ್ಲಿ ನಾನು ಆಡಿದ್ದು ಸುಳ್ಳಿಗಿಂತ ಕೆಟ್ಟದ್ದು. ಅಂಥ ಮಾತಿಗೆ ಜನ ಏನು ಅರ್ಥ ಮಾಡುತ್ತಾರೆಂದು ತಿಳಿದೇ ಹೇಳಿದೆ.

ನಿನ್ನ ಅಪ್ಪ ನಿಜವಾಗಿ ಆ ಬೆಳಿಗ್ಗೆ ಹೇಳಿದ್ದೇನೆಂದು ಈಗ ಬರೆಯುತ್ತೇನೆ. ಇದು ನಿನಗೆ ಸೇರಬೇಕಾದದ್ದು, ನಾನು ಇಟ್ಟುಕೊಂಡಿದ್ದೆ. ಬಂದವನೇ ಚೀಲದಿಂದ ಹೊಸ ಗಂಧದ ಸೋಪು ತೆಗೆದು ತೋರಿಸಿದ. ನಗುತ್ತಿದ್ದ. "ಮಗಳಿಗೆ ನನ್ನ ವಾಸನೆ ಆಗುವುದಿಲ್ಲವಂತೆ ಬಾಯಮ್ಮ. ದೊಡ್ಡ ಕಾಲೇಜಲ್ಲಿ ಇರುವವಳು, ಅವಳು ಹೇಳಿದ್ದು ಸರಿಯೇ. ನಾಡಿದ್ದು ಆದಿತ್ಯವಾರ ಇದರಲ್ಲಿ ಎರಡು ಸಲ ಮಿಂದು ಹೋಗ್ತೇನೆ. ಒಳಗೆ ಹೋಗುವುದಿಲ್ಲ, ಗೇಟಿನ ಹತ್ತಿರವೇ ಮೀನು ಕೊಟ್ಟು ಬರ್ತೇನೆ" ಎಂದ.

ಅವನಿಗೆ ಬೇಜಾರು ಆಗಿರಲಿಲ್ಲ ಮಗು. ಆದಿತ್ಯವಾರಕ್ಕೆ ಕಾಯುತ್ತಿದ್ದ.

ಕ್ಷಮಿಸು ಎಂದು ಬರೆಯುವುದಿಲ್ಲ. ಈ ಕಾಗದ ನಿನ್ನ ಕೈಯಲ್ಲಿರಲಿ. ಯಾರಿಗೆ ಬೇಕಾದರೂ ತೋರಿಸು.

ಆನಿ


ಶಂಕರಪುರ
6 ಜನವರಿ 2025

ನವ್ಯಶ್ರೀ,

ನಿನ್ನಿಂದ ಉತ್ತರ ಇಲ್ಲ. ಬರಬೇಕೆಂದೂ ಇಲ್ಲ. ಆದದ್ದನ್ನು ತಿಳಿಸಲು ಇಷ್ಟು.

ಕ್ರಿಸ್ಮಸ್ ಕಳೆದು ಎರಡು ದಿನಕ್ಕೆ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಕೂರಿಸಿದರು. "ಎರಡು ವರ್ಷ ಆಯಿತಲ್ಲ ಬಾಯಮ್ಮ, ಈಗ ಎಂತಕ್ಕೆ ಇದೆಲ್ಲ?" ಎಂದು ಕೇಳಿದರು. ಅವನು ಈಗಲೂ ವಿಷ ಕುಡಿದವನಾಗಿಯೇ ಬದುಕಿದ್ದಾನಲ್ಲ, ಅದಕ್ಕೆ ಎಂದೆ. ಹೇಳಿಕೆ ಬರೆದುಕೊಂಡರು. ಪಂಪು ಸೋರುತ್ತಿದ್ದದ್ದು, ಎರಡು ಮದ್ದು ಕಲಸಿದ್ದು, ಅವನು ನಾಳೆ ಬಿಡುತ್ತೇನೆ ಎಂದದ್ದು, ನಾನು ಬೇಡ ಎಂದದ್ದು, ಎಲ್ಲವನ್ನೂ ಹೇಳಿದೆ. ಓದಿ ಸಹಿ ಮಾಡಿದೆ. ಅದರ ಪ್ರತಿ ಇದರೊಟ್ಟಿಗೆ ಉಂಟು. ನನ್ನ ಮೇಲೆ ಕೇಸು ಆಗಬಹುದು ಎಂದರು. ಆಗಲಿ.

ಡೆನ್ವರ್ ಒಂದು ವಾರ ಮಾತಾಡಲಿಲ್ಲ. ನಿನ್ನೆ ಮೊದಲ ಸಲ ಬಾಯಿಬಿಟ್ಟು, "ನನ್ನ ಹೆಸರೂ ಹೇಳಿದಿರಾ?" ಎಂದು ಕೇಳಿದ. ಕಾರು ನಡೆಸಿದವನು ಎಂದಷ್ಟೇ ಹೇಳಿದ್ದೇನೆ ಎಂದೆ. ಎದ್ದು ಹೋದ.

ಮಲ್ಲಿಗೆಗೆ ಈ ಸಲ ಮದ್ದು ಬಿಡಿಸಲಿಲ್ಲ. ಮುಕ್ಕಾಲು ಪಾಲು ಮೊಗ್ಗು ಹುಳದ ಪಾಲು. ಇದನ್ನು ಹೊಗಳಿಕೆಗೆ ಬರೆದದ್ದಲ್ಲ. ಪಂಪನ್ನು ಬೆನ್ನಿಗೆ ಕಟ್ಟಿಕೋ ಎಂದು ಇನ್ನೊಬ್ಬನ ಹತ್ತಿರ ಹೇಳಲು ನನಗೆ ಬಾಯಿ ಬರುವುದಿಲ್ಲ, ಅಷ್ಟೆ.

ನಿನ್ನ ಮನೆಗೆ ಹೋಗಲು ಇನ್ನೂ ಧೈರ್ಯ ಸಾಲುವುದಿಲ್ಲ. ಠಾಣೆಗೆ ಹೋಗುವುದು ಸುಲಭವಾಗಿತ್ತು.

ಆನಿ


ಕಾಪು
27 ಜನವರಿ 2025

ಆನಿ ಬಾಯಮ್ಮನವರಿಗೆ,

ನಾನು ಮನೆಗೆ ಬಂದಿದ್ದೇನೆ. ಇಲ್ಲಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ಡಿಸೆಂಬರಿನ ಕಾಗದ ಓದಿದ ಮೇಲೆ ಒಂದು ತಿಂಗಳು ನನಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಮೊದಲು ಸಂತೋಷ ಆಯಿತು. ಆಮೇಲೆ ಆ ಸಂತೋಷಕ್ಕೇ ನಾಚಿಕೆ ಆಯಿತು. ನಾನು ಕಾರಣ ಅಲ್ಲ ಎಂದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷ ಅಪ್ಪ ಬಾಗಿಲು ನೋಡಿಕೊಂಡು ಕೂತಿದ್ದರು. ಒಮ್ಮೆ ಬಂದು ಎದುರು ಕೂತು ಕೇಳಿದ್ದರೆ ಸಾಕಿತ್ತು. ನಾನು ಫೈಲನ್ನು ನಂಬಿದೆ, ಅಪ್ಪನನ್ನು ಕೇಳಲಿಲ್ಲ. ಅದು ನಿಮ್ಮ ತಪ್ಪಲ್ಲ, ನನ್ನದು.

ಶನಿವಾರ ಬಂದೆ. ಅಪ್ಪನ ಪಾದ ಎತ್ತಲು ಬರುವುದಿಲ್ಲ, ನೆಲಕ್ಕೆ ಉಜ್ಜಿಕೊಂಡು ನಡೆಯುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ಹೇಳಿದ್ದನ್ನು ಮರೆಯುತ್ತಾರೆ. ನನ್ನನ್ನು ನೋಡಿದವರೇ ಮುಖ ಆಚೆ ತಿರುಗಿಸಿದರು. ಸಿಟ್ಟೆಂದು ತಿಳಿದೆ. ಸಿಟ್ಟಲ್ಲ, ನಾಚಿಕೆ.

ನಿಮ್ಮ ಕಾಗದವನ್ನು ಇಬ್ಬರೆದುರೂ ಓದಿದೆ. ಅಮ್ಮ ಒಲೆಯ ಹತ್ತಿರ ನಿಂತೇ ಕೇಳಿದರು. ಮುಗಿದ ಮೇಲೆ, "ಎರಡು ವರ್ಷ ಸಿಟ್ಟಲ್ಲೇ ಗಂಜಿ ಬಡಿಸಿದೆ ಮಗ. ನಮ್ಮನ್ನು ಬಿಟ್ಟು ಹೋಗಲಿಕ್ಕೆ ಹೊರಟವರು ಅಂತ" ಎಂದರು. ಹಿತ್ತಿಲಿಗೆ ಹೋದವರು ತುಂಬ ಹೊತ್ತು ಒಳಗೆ ಬರಲಿಲ್ಲ.

ಅಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಎಚ್ಚರ ಆಗುವಾಗ ಹನ್ನೊಂದು ದಿನ ಕಳೆದಿತ್ತಂತೆ. ಎಲ್ಲರೂ ಕುಡಿದೆ ಕುಡಿದೆ ಅಂತ ಹೇಳ್ತಿದ್ದರು. ನೆನಪಿಲ್ಲ ಅಂದರೆ ಯಾರು ನಂಬ್ತಾರೆ? ಹೌದು ಅಂತ ಒಪ್ಪಿಕೊಂಡೆ. ಯಾಕೆ ಕುಡಿದೆ ಅಂತ ಮಾತ್ರ ಎಷ್ಟು ಯೋಚನೆ ಮಾಡಿದರೂ ಸಿಗಲಿಲ್ಲ."

ಕುಡಿಯಲಿಲ್ಲ ಅಪ್ಪ, ಬಾಯಮ್ಮನೇ ಬರೆದಿದ್ದಾರೆ ಎಂದೆ. "ಕಾಗದದಲ್ಲಿ ಯಾರು ಬೇಕಾದರೂ ಎಂತ ಬೇಕಾದರೂ ಬರೀಬಹುದು. ನೀನು ನನ್ನ ಸಮಾಧಾನಕ್ಕೆ ಓದುವುದು" ಎಂದರು. ಇವತ್ತು ಬೆಳಿಗ್ಗೆ ಪುನಃ ಕೇಳಿದರು, "ನಾನು ಕುಡಿಯಲಿಲ್ಲ ಅಲ್ವಾ?" ಇಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು.

ಫೈಲಿನ ಮೂರು ಸಾಲನ್ನು ತಿದ್ದಿಸಲು ಅರ್ಜಿ ಕೊಟ್ಟಿದ್ದೇನೆ, ನಿಮ್ಮ ಹೇಳಿಕೆಯ ಪ್ರತಿ ಜೋಡಿಸಿದ್ದೇನೆ. ಅದು ನನ್ನ ಕೆಲಸ, ನಾನು ಮಾಡುತ್ತೇನೆ. ಅಪ್ಪನಿಗೆ ಹೇಳುವುದು ನಿಮ್ಮ ಕೆಲಸ. ಬನ್ನಿ. ನಾನು ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿದು ಬರಬೇಡಿ. ಅವರ ಮುಖ ನೋಡಿ ಹೇಳಲು ಬನ್ನಿ.

ಮುಂದಿನ ವಾರ ನನಗೆ ಡ್ಯೂಟಿ ಉಂಟು. ನಾನು ಇಲ್ಲದಿರುವಾಗಲೇ ಬಂದರೆ ಒಳ್ಳೆಯದು. ನಾನು ಇದ್ದರೆ ಏನಾದರೂ ಹೇಳಿಬಿಡುತ್ತೇನೆ.

ನವ್ಯಶ್ರೀ


ಶಂಕರಪುರ
10 ಫೆಬ್ರವರಿ 2025

ನವ್ಯಶ್ರೀ,

ನಿನ್ನೆ ಹೋಗಿ ಬಂದೆ.

ಚರ್ಚಿನ ಪೂಜೆ ಮುಗಿಸಿ ಬಸ್ಸಿನಲ್ಲೇ ಹೋದೆ. ಪೇಟೆಯಲ್ಲಿ ಇಳಿದು ಕಡಲಿನ ಕಡೆ ನಡೆದೆ. ಹದಿಮೂರು ವರ್ಷ ಅವನು ನನ್ನ ಮನೆಗೆ ಬಂದ, ನಾನು ಅವನ ಮನೆಗೆ ಹೋದದ್ದು ಇದೇ ಮೊದಲು. ದಾರಿಯಲ್ಲಿ ಇಬ್ಬರನ್ನು ಕೇಳಬೇಕಾಯಿತು. ಒಬ್ಬ, "ಯಾವ ಚೆನ್ನಪ್ಪ? ಮದ್ದು ಕುಡಿದವರಾ?" ಎಂದು ಕೇಳಿದ. ನಾನು ಅವನಿಗೆ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು.

ಚೆನ್ನಪ್ಪ ಜಗಲಿಯ ಕುರ್ಚಿಯಲ್ಲಿದ್ದ. ನನ್ನನ್ನು ನೋಡಿ ಎದ್ದು ನಿಲ್ಲಲು ಹೊರಟ. ಕುರ್ಚಿಯ ಕೈ ಹಿಡಿದ, ಪಾದ ಊರಲಿಲ್ಲ, ಪುನಃ ಕೂತ, ಪುನಃ ಏಳಲು ಹೊರಟ. "ಏಳಬೇಡ, ಏಳಬೇಡ" ಎಂದು ಓಡಿಹೋಗಿ ಹಿಡಿದೆ. ಅವನ ತೋಳು ನನ್ನ ಎರಡು ಬೆರಳಿನೊಳಗೆ ಬಂತು.

ಅವನ ಮುಂದೆ ನೆಲದಲ್ಲೇ ಕೂತು ಎಲ್ಲವನ್ನೂ ಹೇಳಿದೆ. ನಿನಗೆ ಬರೆದದ್ದನ್ನೇ ಹೇಳಿದೆ. ಮುಖ ನೋಡಿಯೇ ಹೇಳಿದೆ. ಕೊನೆಗೆ ಅವನು ಕೇಳಿದ, "ಹಾಗಾದರೆ ನಾನು ಕುಡಿಯಲಿಲ್ಲ ಅಲ್ವಾ ಬಾಯಮ್ಮ?"

"ಇಲ್ಲ ಚೆನ್ನಪ್ಪ. ನೀನು ಕುಡಿಯಲಿಲ್ಲ."

"ನೀವು ಅಲ್ಲೇ ಇದ್ದಿರಾ?"

"ನಾನು ಅಲ್ಲೇ ಇದ್ದೆ."

ಅವನು ಒಳಗೆ ನೋಡಿ ಕರೆದ, "ನಳಿನಾ, ಕೇಳಿತಾ?"

ನಳಿನಾಕ್ಷಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಹತ್ತಿರ, "ಇನ್ನೊಮ್ಮೆ ಹೇಳಿ ಬಾಯಮ್ಮ" ಎಂದಳು. ಹೇಳಿದೆ. "ಹೀಗಲ್ಲ. ಅಂಗಳಕ್ಕೆ ಇಳಿದು ಹೇಳಿ. ಆಚೆಮನೆಯವರಿಗೂ ಕೇಳಬೇಕು" ಎಂದಳು.

ಅಂಗಳಕ್ಕೆ ಇಳಿದೆ. ಆಚೆಮನೆಯಲ್ಲಿ ಮೂವರು ಹೆಂಗಸರು ಮೀನು ಒಣಗಿಸಲು ಹರಡುತ್ತಿದ್ದರು. ಅವರಿಗೆ ಕೇಳುವ ಹಾಗೆ ದನಿ ಏರಿಸಿ ಹೇಳಿದೆ. "ಚೆನ್ನಪ್ಪ ವಿಷ ಕುಡಿದದ್ದಲ್ಲ. ನನ್ನ ತೋಟದಲ್ಲಿ ಮದ್ದು ಮೈಗೆ ಇಳಿದು ಬಿದ್ದದ್ದು. ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು ನಾನು." ಅವರು ಕೈ ನಿಲ್ಲಿಸಿ ನೋಡಿದರು.

"ಬನ್ನಿ" ಎಂದಳು ನಳಿನಾಕ್ಷಿ. ಮುಂದೆ ಅವಳು, ಹಿಂದೆ ನಾನು. ಒಂಬತ್ತು ಮನೆಗೆ ಹೋದೆವು. ಅವಳು ಪ್ರತಿ ಮನೆಯ ಮೆಟ್ಟಿಲ ಕೆಳಗೆ ನಿಂತು, ನಾನು ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡಳು. ಒಂದು ಕಡೆ ನಾನು "ಸುಳ್ಳು" ಎಂಬ ಪದ ಬಿಟ್ಟು ಹೇಳಿದಾಗ ಮಾತ್ರ ತಲೆ ಎತ್ತಿ ನೋಡಿದಳು. ಪುನಃ ಹೇಳಿದೆ.

ನಾವು ತಿರುಗಿ ಬಂದಾಗ ಚೆನ್ನಪ್ಪ ಗೋಡೆ ಹಿಡಿದು ಬಾಗಿಲವರೆಗೆ ಬಂದು ನಿಂತಿದ್ದ.

"ಎಲ್ಲರಿಗೂ ಹೇಳಿದಿರಾ?"

"ಹೇಳಿದೆ."

"ಎಂತ ಅಂದರು?"

"ಯಾರೂ ಎಂತದೂ ಹೇಳಲಿಲ್ಲ."

ತಲೆಯಾಡಿಸಿದ. ಅಂಗಿಯ ಕಾಲರನ್ನು ಎರಡು ಕೈಯಲ್ಲಿ ಸರಿ ಮಾಡಿಕೊಂಡ. ಆಮೇಲೆ ಹೆಂಡತಿಯ ಹತ್ತಿರ, "ಬಾಯಮ್ಮ ಬಿಸಿಲಲ್ಲಿ ಬಂದಿದ್ದಾರೆ, ಒಂದು ಚಾ ಮಾಡು" ಎಂದ.

ನಳಿನಾಕ್ಷಿ ಮಾಡಲಿಲ್ಲ. ಗಂಡನ ತೋಳಿಗೆ ಹೆಗಲು ಕೊಟ್ಟು ಒಳಗೆ ಕರೆದುಕೊಂಡು ಹೋದಳು. ನಾನು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದು ಬಸ್ಸಿಗೆ ನಡೆದೆ.

ಆನಿ